ನಮ್ಮ ಬೀದಿಯ ಯಜಮಾನರಿಗೆ ಒಂದು ಕಟ್ಟು ಬೇರು

ಮುಂಚಿತವಾಗಿ ತಿಳಿಸದೆ ಒಬ್ಬರ ಮನೆಗೆ ಹೋಗಿ ಬಾಗಿಲು ತಟ್ಟುವ ಧೈರ್ಯ ನನ್ನಲ್ಲಿ ಯಾವಾಗ ಉಡುಗಿಹೋಯಿತೋ ಗೊತ್ತಿಲ್ಲ. ಹುಣಸೂರಿನಲ್ಲಿದ್ದಾಗ ಖಂಡಿತ ಇತ್ತು. ಕೆಲಸವಿದ್ದಾಗಲೂ ಇಲ್ಲದಾಗಲೂ ನಾಲ್ಕಾರು ಮನೆಗಳ ಅಡುಗೆಮನೆಯವರೆಗೆ ಸಲೀಸಾಗಿ ನುಗ್ಗುತ್ತಿದ್ದೆ. ಮಿಷಿಗನ್ನಿನ ನೋವೈಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿ ನಮ್ಮ ಕನ್ನಡದವರ ಮನೆಗೇ ಹೋಗಬೇಕೆಂದರೂ ಮೊದಲು ಮೆಸೇಜು, ಆಮೇಲೆ ಎರಡೂ ಮನೆಯ ಕ್ಯಾಲೆಂಡರುಗಳ ನಡುವೆ ಸಂಧಾನ. ಮಕ್ಕಳ ಈಜು, ಭರತನಾಟ್ಯ, ಗಣಿತದ ಕ್ಲಾಸುಗಳೆಲ್ಲ ಕಳೆದು ಒಂದು ಭಾನುವಾರದ ಮಧ್ಯಾಹ್ನ ಉಳಿಯುತ್ತದೆ. ಅಷ್ಟರಲ್ಲಿ ಯಾರಿಗೋ ಜ್ವರ ಬಂದು ಅದೂ ಮುಂದಕ್ಕೆ ಹೋಗುತ್ತದೆ. ಬೀದಿಯ ಉಳಿದವರ ಮಾತಂತೂ ಬಿಡಿ. ಗ್ಯಾರೇಜಿನ ಬಾಗಿಲು ಏಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಪಕ್ಕದ ಮನೆಯವರ ಮುಖಕ್ಕಿಂತ ಅವರ ಕಾರಿನ ಹಿಂಭಾಗವೇ ನನಗೆ ಚೆನ್ನಾಗಿ ಪರಿಚಯ. ಡಿಯರ್‌ಬಾರ್ನಿನ ಕಾರು ಕಂಪನಿಯಲ್ಲಿ ಹಗಲೆಲ್ಲ ಬಂಪರ್ ವಿನ್ಯಾಸ ಮಾಡುವವನಿಗೆ ಅದು ಸಹಜವೂ ಇರಬಹುದು.

ನನ್ನ ಹೆಸರು ಮಂಜುನಾಥ, ಬಿ.ಇ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ. ಕೇಳದಿದ್ದಾಗಲೇ ಜಾಸ್ತಿ ಹೇಳುತ್ತೇನೆ ಎನ್ನುವುದು ನನ್ನ ಹೆಂಡತಿ ಸುಮಾಳ ಅಂಬೋಣ. ಅವಳು ಮೈಸೂರಿನವಳು. ಅವಳ ಮನೆಯಲ್ಲಿ ಅಜ್ಜನ ಕಾಲದಿಂದ ಎಲ್ಲರೂ ಓದಿದವರೇ. ಗೋಡೆಯ ಮೇಲೆ ಪದವಿಯ ಫೋಟೋ ತೂಗುಹಾಕುವುದು ಅವರಿಗೆ ಒಗ್ಗರಣೆ ಸೌಟು ತೂಗುಹಾಕಿದಷ್ಟೇ ಮಾಮೂಲು. ನಮ್ಮಪ್ಪನದು ಸೈಕಲ್ ಶಾಪು. ನಾನು ಬೀದಿದೀಪದ ಕೆಳಗೆ ಓದಲಿಲ್ಲ, ಮನೆಯಲ್ಲಿ ಕರೆಂಟಿತ್ತು. ಆದರೆ ಪಂಕ್ಚರ್ ಹಾಕುತ್ತಲೇ ಸೂತ್ರಗಳನ್ನು ಬಾಯಿಪಾಠ ಮಾಡಿದ್ದೇನೆ. ಹಾಗಾಗಿ ಆ ಎರಡಕ್ಷರವನ್ನು ಹೆಸರಿನ ಹಿಂದಿನಿಂದ ಬಿಚ್ಚಲು ನನಗೆ ಮನಸ್ಸಿಲ್ಲ.

ಹೋದ ವರ್ಷ ಫಿಜಿಯ ಒಂದು ದೂರದ ದ್ವೀಪದಲ್ಲಿ ಈ ಎರಡಕ್ಷರ ಕೆಲಸಕ್ಕೆ ಬರಲಿಲ್ಲ. ಸೌರಪಂಪು ಕೂರಿಸುವ ಸ್ವಯಂಸೇವಕರ ತಂಡದ ಜೊತೆ ಹೋಗಿದ್ದೆ. ವಾರಕ್ಕೊಮ್ಮೆ ದೋಣಿ ಬರುವ ಊರು. ನಮ್ಮನ್ನೆಲ್ಲ ಒಂದೊಂದು ಮನೆಗೆ ಹಂಚಿದರು. ನಾನು ತೊಮಾಸಿ ಎಂಬುವರ ಪಾಲಿಗೆ ಬಂದೆ. ಅರವತ್ತರ ಹತ್ತಿರದ, ಬಾಗಿಲಿನಷ್ಟು ಅಗಲದ ಮನುಷ್ಯ. ದೋಣಿಯಿಂದ ಇಳಿದವನನ್ನು ಮನೆಗೂ ಕರೆದೊಯ್ಯದೆ ಸೀದಾ ಊರ ಯಜಮಾನರ ಮುಂದೆ ಚಾಪೆಯ ಮೇಲೆ ಕೂರಿಸಿದರು. ಅಲ್ಲಿಯ ಪದ್ಧತಿ ಅದು. ಹೊಸಬರು ಯಂಗೊನ ಎಂಬ ಗಿಡದ ಬೇರಿನ ಒಂದು ಕಟ್ಟನ್ನು ಯಜಮಾನರ ಮುಂದಿಟ್ಟು, ಊರೊಳಗೆ ಓಡಾಡಲು ಅಪ್ಪಣೆ ಕೇಳಬೇಕು. ನಮ್ಮ ಕರಿಮೆಣಸಿನ ದೂರದ ನೆಂಟನಂತೆ ಆ ಗಿಡ. ಬೇರನ್ನು ಕುಟ್ಟಿ ನೀರಲ್ಲಿ ಕಲಸಿ ಎಲ್ಲರಿಗೂ ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾರೆ. ನೋಡಲು ಕೆಸರುನೀರು, ಕುಡಿದರೆ ನಾಲಿಗೆ ಜೋಮು ಹಿಡಿಯುತ್ತದೆ. ಅಪ್ಪಣೆ ಸಿಕ್ಕ ಮೇಲೆ ನೀವು ಅತಿಥಿಯಲ್ಲ, ಊರಿನವರು.

ನಾನು ರೂಢಿಯಂತೆ ಎಂಜಿನಿಯರ್ ಎಂದು ಶುರು ಮಾಡಿದೆ. ತೊಮಾಸಿ ಮೆಲ್ಲಗೆ ತಡೆದು, "ಅದು ಆಮೇಲೆ. ಮೊದಲು ಯಾವೂರು? ಅಪ್ಪ ಯಾರು? ಏನು ಮಾಡ್ತಾರೆ?" ಎಂದು ಕೇಳಿದರು. ಹೇಳಿದೆ. ಅವರು ಯಜಮಾನರ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ದೊಡ್ಡ ಭಾಷಣವನ್ನೇ ಮಾಡಿದರು. ಅದರ ನಡುವೆ "ಹುಣಸೂರು" ಎಂದೂ "ಪುಟ್ಟಸ್ವಾಮಿ" ಎಂದೂ ಕೇಳಿಸಿತು. ನಮ್ಮಪ್ಪನ ಹೆಸರನ್ನು ಅಷ್ಟು ಗಂಭೀರವಾಗಿ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಪದವಿ ಪ್ರದಾನ ಸಮಾರಂಭದಲ್ಲೂ ಕೂಗಿದ್ದು ನನ್ನ ಹೆಸರನ್ನು ಮಾತ್ರ. ಬೇರಿನ ನೀರಿನಿಂದ ನಾಲಿಗೆ ಜೋಮಾಗಿದ್ದದ್ದು ಒಳ್ಳೆಯದೇ ಆಯಿತು, ಮಾತಾಡಬೇಕಾಗಿ ಬರಲಿಲ್ಲ.

ಆ ಊರಿನ ಇನ್ನೊಂದು ಪದ್ಧತಿ ನನ್ನನ್ನು ಪೇಚಿಗೆ ಸಿಕ್ಕಿಸಿತು. ಊಟಕ್ಕೆ ಕೂತವರು ಬಾಗಿಲು ತೆರೆದೇ ಇಟ್ಟಿರುತ್ತಾರೆ. ದಾರಿಯಲ್ಲಿ ಯಾರು ಹೋದರೂ "ಬಾ, ಊಟ ಮಾಡು" ಎಂದು ಕೂಗುತ್ತಾರೆ. ಕೂಗಿದಾಗ ಹೋಗದಿರುವುದು ಅವಮಾನವೆಂದು ತಿಳಿದು ಮೊದಲ ದಿನ ನಾನು ಕರೆದ ಮನೆಗೆಲ್ಲ ನುಗ್ಗಿದೆ. ಒಂದರಲ್ಲಿ ಮರಗೆಣಸು, ಇನ್ನೊಂದರಲ್ಲಿ ಮೀನು, ಮತ್ತೊಂದರಲ್ಲಿ ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನ ಸೊಪ್ಪು. ಅದು ಅಮ್ಮನ ಕೈಯ ಸಾರನ್ನು ನೆನಪಿಸಿದ್ದರಿಂದ ಎರಡು ಸಲ ಹಾಕಿಸಿಕೊಂಡೆ. ಸಂಜೆ ಪಂಪಿನ ಪಕ್ಕದಲ್ಲಿ ಮಲಗಿಬಿಟ್ಟವನನ್ನು ನೋಡಿ ತೊಮಾಸಿ ಹೊಟ್ಟೆ ಹಿಡಿದು ನಕ್ಕರು. "ಮಂಜು, ಅವರು ಕರೀತಾರೆ, ನೀನು ಹೊಟ್ಟೆ ತುಂಬಿದೆ ಅಂತೀಯ, ಅಷ್ಟೇ. ನಿಂತು ಒಂದು ಮಾತಾಡಿ ಹೋಗೋದಕ್ಕೆ ಕರೆಯೋದು."

"ಅಯ್ಯೋ, ಹಾಗಾದ್ರೆ ನಾನು ತಪ್ಪು ಮಾಡಿದ್ನಾ?"

"ತಪ್ಪೇನಿಲ್ಲ. ನಿಜವಾಗ್ಲೂ ಹಸಿದಿದ್ರೆ ನಿಜವಾಗ್ಲೂ ಹೋಗಬಹುದು. ಆದ್ರೆ ನೀನು ಇಲ್ಲಿ ಮಲಗಿ ಮೂರು ಮನೆ ಬಿಟ್ಟುಬಿಟ್ಟಿದ್ದೀಯ, ಅವರಿಗೆ ಸ್ವಲ್ಪ ಬೇಜಾರಾಗಿದೆ."

ಹೊರಡುವ ದಿನ ಊರೆಲ್ಲ ಸೇರಿತು. ನಾಲ್ಕು ಮಾತಾಡು ಎಂದರು. ಓದಿದವನಿಗೆ ಮೈಕು ಬೇಡ, ಚಾಪೆಯೇ ಸಾಕು. ಭಾವಾವೇಶದಲ್ಲಿ, "ನಮ್ಮೂರೂ ಹೀಗೇ! ಯಾರು ಬಂದರೂ ಬೀದಿಯೇ ಎದ್ದು ಬರಮಾಡಿಕೊಳ್ಳುತ್ತದೆ, ತೊಮಾಸಿ ಅಣ್ಣ ಬಂದು ನೋಡಲಿ" ಎಂದುಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಳುವಾಗ ಕಣ್ಣ ಮುಂದೆ ಇದ್ದದ್ದು ಹುಣಸೂರು. ಕೊಟ್ಟ ವಿಳಾಸ ಮಾತ್ರ ನೋವೈನದು.

ಈ ಜೂನ್‌ನಲ್ಲಿ ತೊಮಾಸಿ ಬಂದೇಬಿಟ್ಟರು. ಕ್ಯಾಲಿಫೋರ್ನಿಯಾದಲ್ಲಿರುವ ತಮ್ಮ ಅಕ್ಕನ ಮನೆಗೆ ಬಂದವರು ನಮಗಾಗಿ ಒಂದು ವಾರ ಎತ್ತಿಟ್ಟುಕೊಂಡಿದ್ದರು. ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ ಸ್ವೆಟರ್ ತೊಟ್ಟು, ಕಂಕುಳಲ್ಲಿ ಒಂದು ಕಟ್ಟು ಬೇರು ಹಿಡಿದು ವಿಮಾನ ನಿಲ್ದಾಣದಿಂದ ಹೊರಬಂದರು. ಮನೆಗೆ ಬಂದು ಕಾಫಿ ಕುಡಿದ ಕೂಡಲೇ, "ಹೊರಡೋಣ್ವಾ? ನಿಮ್ಮ ಯಜಮಾನರು ಕಾಯ್ತಿರ್ತಾರೆ" ಎಂದರು.

ನಾನು ಲೋಟ ಕೆಳಗಿಟ್ಟೆ. "ಅಣ್ಣ, ಇಲ್ಲಿ ಅಂಥವರು ಯಾರೂ ಇಲ್ಲ."

"ಊರು ಅಂದ ಮೇಲೆ ಯಾರಾದ್ರೂ ಇರಲೇಬೇಕು. ಈ ನೆಲ ಯಾರದು?"

"ಬ್ಯಾಂಕಿಂದು," ಎಂದಳು ಸುಮಾ.

"ನನಗೇ ಕೊಟ್ಟುಬಿಡಿ ಅಣ್ಣ, ನಾನೇ ಅಪ್ಪಣೆ ಕೊಡ್ತೀನಿ," ಎಂದೆ.

"ಇವರ ಅಪ್ಪಣೆ ಈ ಮನೇಲೇ ನಡೆಯಲ್ಲ," ಎಂದಳು ಸುಮಾ ಮತ್ತೆ. ಮೈಸೂರಿನವರು ಚುಚ್ಚುವುದೂ ಮೃದುವಾಗಿಯೇ. ದೇವಸ್ಥಾನದ ಅರ್ಚಕರಿಗೆ ಕೊಡಬಹುದೇ ಎಂದು ಕೇಳಿದೆ. ಅವರು ನಿಮ್ಮ ಬೀದಿಯವರೇ ಎಂದು ತೊಮಾಸಿ ಕೇಳಿದರು. ಅಲ್ಲ. ಬೇಜಾರೇನೂ ಮಾಡಿಕೊಳ್ಳದೆ ಅವರು ಸೋಫಾದ ಮೇಲೆ ಕೂತರು. ಅಪ್ಪಣೆಯಿಲ್ಲದೆ ಪರವೂರಿನ ಬೀದಿಯಲ್ಲಿ ಕಾಲಿಡುವುದು ಅವರಿಂದಾಗದು. ಮರುದಿನವೂ ಕೂತೇ ಇದ್ದರು. ಬ್ಲೈಂಡ್ಸಿನ ಸಂದಿಯಿಂದ ಬೀದಿ ನೋಡಿ, "ಎಲ್ಲರೂ ಎಲ್ಲಿಗೆ ಹೋಗಿದ್ದಾರೆ? ಸಾವಾಗಿದೆಯಾ?" ಎಂದು ಕೇಳಿದರು. ಆ ದ್ವೀಪದಲ್ಲಿ ನಾನು ಆಡಿದ ಒಂದೊಂದು ಮಾತೂ ನೆನಪಾಗಿ, ನನಗೆ ನನ್ನ ಮನೆಯಲ್ಲೇ ಕೂರಲಾಗಲಿಲ್ಲ. ಸಮುದ್ರ ದಾಟಿ ಬಂದ ಮನುಷ್ಯ ಹೀಗೇ ಸೋಫಾ ನೋಡಿಕೊಂಡು ವಾಪಸು ಹೋದರೆ, ನನ್ನನ್ನು ಪುಟ್ಟಸ್ವಾಮಿಯ ಮಗನೆಂದು ಒಪ್ಪಿಕೊಂಡ ಆ ಊರಿಗೆ ಏನೆಂದು ಹೇಳಿಯಾರು?

ಕೊನೆಗೆ ಸುಮಾಳೇ ದಾರಿ ತೋರಿಸಿದಳು. "ರೀ, ನಮ್ಮ ಬಡಾವಣೆ ಅಸೋಸಿಯೇಷನ್ ಪ್ರೆಸಿಡೆಂಟ್ ಇಲ್ವಾ? ಆ ಡೊರೊತಿ. ಊರಿಗೆಲ್ಲ ರೂಲ್ಸ್ ಮಾಡೋರು ಅವರೇ ತಾನೆ?"

ಡೊರೊತಿಯನ್ನು ನಾನು ಮುಖತಃ ಕಂಡಿರಲಿಲ್ಲ. ಬಲ್ಲದ್ದು ಅವರ ಇಮೇಲುಗಳನ್ನು ಮಾತ್ರ. ನಿಮ್ಮ ಹುಲ್ಲು ಎತ್ತರವಾಗಿದೆ. ನಿಮ್ಮ ಗ್ಯಾರೇಜಿನ ಬಾಗಿಲು ವಿನಾಕಾರಣ ತೆರೆದಿದೆ. ನಿಮ್ಮ ಕಸದ ಡಬ್ಬಿ ಇನ್ನೂ ಹೊರಗಿದೆ. ಮನೆ ನಮ್ಮಿಂದ ನಾಲ್ಕನೆಯದು. ನಾನು ಲ್ಯಾಪ್‌ಟಾಪ್ ತೆರೆದು, "ತಮಗೆ ಅನುಕೂಲವಾದ ದಿನ" ಎಂದು ಟೈಪ್ ಮಾಡುವಷ್ಟರಲ್ಲಿ ತೊಮಾಸಿ ಸೊಂಟಕ್ಕೆ ತಮ್ಮೂರಿನ ಲುಂಗಿ ಸುತ್ತಿ, ಗೌರವಕ್ಕೆಂದು ಟೊಪ್ಪಿಗೆ ತೆಗೆದಿಟ್ಟು, ಬಾಗಿಲಲ್ಲಿ ನಿಂತಿದ್ದರು. ಮಗಳು ಅನನ್ಯ ಮಹಡಿಯಿಂದಲೇ ಚೀರಿದಳು: "ಅಪ್ಪಾ, ಯೂ ಕಾಂಟ್ ಜಸ್ಟ್ ಶೋ ಅಪ್! ದಟ್ಸ್ ಸೋ ವಿಯರ್ಡ್!" ಅವಳ ಮಾತು ನನಗೆ ಪೂರ್ತಿ ಸರಿಯೆನಿಸಿತು, ಅದೇ ದುಃಖದ ವಿಷಯ.

ಬೆಲ್ ಒತ್ತುವ ಮೊದಲು ಎರಡು ಸಲ ಅಂಗಿಯ ಗುಂಡಿ ಸರಿಮಾಡಿಕೊಂಡೆ. ಕ್ಯಾಂಪಸ್ ಇಂಟರ್‌ವ್ಯೂಗೂ ಅಷ್ಟು ಮಾಡಿರಲಿಲ್ಲ. ಕೋಲೂರಿಕೊಂಡು ಬಂದ ಬಿಳಿಗೂದಲ ಹೆಂಗಸು ಬಾಗಿಲು ತೆರೆದು ನಮ್ಮಿಬ್ಬರನ್ನೂ ಬೇರಿನ ಕಟ್ಟನ್ನೂ ನೋಡಿ, "ಕಸದ ಡಬ್ಬಿ ವಿಷಯಾನಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ತೊಮಾಸಿ ಅವರ ಮನೆ ಮುಂದಿನ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಅಂಗಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಬೇರನ್ನು ಮುಂದಿಟ್ಟು, ಕೈಗಳನ್ನು ಬೊಗಸೆಯಾಗಿಸಿ ತಟ್ಟಿ, ಮೊದಲು ತಮ್ಮ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು: "ಅಮ್ಮ, ನಾನು ಸಮುದ್ರದ ಕಡೆಯಿಂದ ಬಂದವನು. ನಿಮ್ಮ ದಾರಿಯಲ್ಲಿ ನಡೆಯೋಕೆ ಅಪ್ಪಣೆ ಬೇಕು. ಗೊತ್ತಿಲ್ಲದೆ ತಪ್ಪು ನಡೆದರೆ ಮನ್ನಿಸಬೇಕು. ಇವನು ನನ್ನ ತಮ್ಮ ಮಂಜು. ಹುಣಸೂರಿನಲ್ಲಿ ಸೈಕಲ್ ರಿಪೇರಿ ಮಾಡೋ ಪುಟ್ಟಸ್ವಾಮಿ ಮಗ. ನಿಮ್ಮೂರಲ್ಲಿ ಒಂಬತ್ತು ವರ್ಷದಿಂದ ಇದ್ದಾನಂತೆ, ಆದರೆ ಇನ್ನೂ ಬೇರು ತಂದುಕೊಟ್ಟಿಲ್ಲವಂತೆ. ಅವನಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಇದರಲ್ಲೇ ಅವನದನ್ನೂ ಸೇರಿಸಿಕೊಳ್ಳಿ."

ನಾನು ತಲೆ ತಗ್ಗಿಸಿ ಜಗಲಿಯ ಹಲಗೆಗಳನ್ನು ನೋಡುತ್ತ ಕೂತೆ. ಗ್ರೀನ್ ಕಾರ್ಡಿಗೂ ನಾನು ಹೀಗೆ ಕಾದಿರಲಿಲ್ಲ. ಡೊರೊತಿ ಕೋಲನ್ನು ಗೋಡೆಗೆ ಒರಗಿಸಿ, ತೊಮಾಸಿ ತೋರಿಸಿದಂತೆ ಎರಡೂ ಕೈಯಲ್ಲಿ ಬೇರನ್ನು ತೆಗೆದುಕೊಂಡರು. "ನನ್ನ ಮಂಡಿ ಕೆಳಗೆ ಕೂರಕ್ಕೆ ಒಪ್ಪಲ್ಲ," ಎಂದರು. "ಇಷ್ಟು ವರ್ಷ ಪ್ರೆಸಿಡೆಂಟ್ ಆಗಿದ್ದೀನಿ, ಈ ಮೆಟ್ಟಿಲು ಹತ್ತಿ ಬಂದವರೆಲ್ಲ ಬೇಲಿ ಜಗಳ ತಂದವರೇ. ಅಪ್ಪಣೆ ಕೇಳಕ್ಕೆ ಯಾರೂ ಬಂದಿರಲಿಲ್ಲ." ನಮ್ಮಿಬ್ಬರ ಕಡೆಗೂ ತಲೆಯಾಡಿಸಿ, "ಕೊಟ್ಟಿದ್ದೀನಿ. ಇಬ್ಬರಿಗೂ," ಎಂದರು.

ಮರುದಿನ ಸಂಜೆ ನಮ್ಮ ಗ್ಯಾರೇಜಿನಲ್ಲಿ, ಸುಮಾ ಇಡ್ಲಿ ಹಿಟ್ಟು ಕಲಸುವ ದೊಡ್ಡ ಪಾತ್ರೆಯಲ್ಲಿ, ಯಂಗೊನ ಕಲಸಲಾಯಿತು. ಬಾಗಿಲು ವಿನಾಕಾರಣ ತೆರೆದೇ ಇತ್ತು. ಪ್ರೆಸಿಡೆಂಟರೇ ಕುರ್ಚಿ ಹಾಕಿಕೊಂಡು ಒಳಗೆ ಕೂತಿದ್ದರಿಂದ ಇಮೇಲ್ ಬರುವ ಭಯವಿರಲಿಲ್ಲ. ನಾಯಿ ಹಿಡಿದುಕೊಂಡು ಹೋಗುತ್ತಿದ್ದವರನ್ನೆಲ್ಲ ತೊಮಾಸಿ ಕೂಗಿ ಕರೆದರು. ಅರ್ಧ ಜನ ಫೋನ್ ಕಿವಿಗಿಟ್ಟುಕೊಂಡು ಸರಸರ ನಡೆದರು, ಉಳಿದರ್ಧ ಬಂದರು. ಪಕ್ಕದ ಮನೆಯವರ ಮುಖ ನೋಡಿದೆ; ಬಂಪರಿಗಿಂತ ಚೆನ್ನಾಗಿತ್ತು. ಡೊರೊತಿ ಒಂದು ಲೋಟ ಕುಡಿದು, "ಅಂಗಳದ ಮಣ್ಣಿನ ರುಚಿ," ಎಂದು ಇನ್ನೊಂದು ಕೇಳಿದರು. ಬೀದಿಯೇ ಎದ್ದು ಬಂತು ಎನ್ನಲಾರೆ, ಎದ್ದು ಕೂತಿತು ಎನ್ನಬಹುದು. ವಾರದ ಕೊನೆಗೆ ತೊಮಾಸಿ ಹೊರಟಾಗ, "ನೀನು ಹೇಳಿದ್ದು ಸುಳ್ಳಲ್ಲ ಮಂಜು, ನಿಮ್ಮೂರಿನವರು ಒಳ್ಳೆಯವರೇ. ಕರೀಬೇಕು ಅಷ್ಟೆ," ಎಂದರು.

ಇಷ್ಟಕ್ಕೇ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಹೋದ ಶನಿವಾರ ಸಂಜೆ ಅಂಚೆಡಬ್ಬಿ ನೋಡಲು ಹೋಗಿದ್ದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಡೊರೊತಿ ತಮ್ಮ ಜಗಲಿಯಲ್ಲಿ ತಟ್ಟೆ ಹಿಡಿದು ಕೂತಿದ್ದವರು ಕೈಬೀಸಿ, "ಮಂಜು, ಬಾ, ಊಟ ಮಾಡು!" ಎಂದು ಕೂಗಿದರು. ಈ ಬೀದಿಯಲ್ಲಿ ನನಗೆ ಬಂದ ಮೊದಲ ಕರೆ. ದ್ವೀಪದಲ್ಲಿ ಕೂಗಿದ ಮನೆಗೆಲ್ಲ ನುಗ್ಗಿದ ಈ ಗಂಡು, "ಥ್ಯಾಂಕ್ ಯೂ, ಈಗಷ್ಟೇ ಆಯ್ತು, ಇನ್ನೊಂದು ದಿನ ಪ್ಲಾನ್ ಮಾಡೋಣ" ಎಂದುಬಿಟ್ಟಿತು. ಬೇಡ ಎಂದವರನ್ನು ನಮ್ಮಲ್ಲಿ ಇನ್ನೊಂದು ಸಲ ಕರೆಯುತ್ತಾರಲ್ಲ, ಹಾಗೆ ಕರೆದಾರೆಂದು ಖಾಲಿ ಅಂಚೆಡಬ್ಬಿಯನ್ನು ಮತ್ತೆ ಮತ್ತೆ ತೆರೆದು ನೋಡುತ್ತ ನಿಂತೆ. ಕರೆ ಬಂತು.

"ಮಂಜು! ನಿನ್ನ ಕಸದ ಡಬ್ಬಿ ಇನ್ನೂ ಹೊರಗಿದೆ."

ಡಬ್ಬಿ ಎಳೆದುಕೊಂಡು ಮನೆಗೆ ಬಂದೆ. ಕತೆ ಕೇಳಿದ ಸುಮಾ ನಗು ತಡೆಯಲಾರದೆ, "ಹಸಿವಾಗಿದ್ರೆ ಹೋಗ್ರೀ, ನಾಲ್ಕೇ ಮನೆ, ಅಪ್ಪಣೆನೂ ಸಿಕ್ಕಿದೆ," ಎಂದಳು. ಹೋಗಬೇಕು. ಖಂಡಿತ ಹೋಗುತ್ತೇನೆ. ಮುಂದಿನ ಶನಿವಾರ ತಮಗೆ ಅನುಕೂಲವೇ ಎಂದು ಒಂದು ಇಮೇಲ್ ಬರೆದಿಟ್ಟಿದ್ದೇನೆ. ಕೆಳಗೆ ಮಂಜುನಾಥ, ಬಿ.ಇ. ಎಂದಿತ್ತು; ಅದನ್ನು ಅಳಿಸಿ, ಪುಟ್ಟಸ್ವಾಮಿಯ ಮಗ ಎಂದು ತಿದ್ದಿದ್ದೇನೆ. ಕಳಿಸುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.