ಹೆಚ್ಚಿನ ಪಾಟಾ, ಹೆಚ್ಚಿನ ಸಪ್ಪಳ

ಗಾಡಿಯ ಸಪ್ಪಳಕ್ಕೆ ಒಂದು ಕೆಟ್ಟ ಚಟವಿದೆ. ಊರ ತುಂಬ ಕೂಗುತ್ತ ಬಂದದ್ದು ಗ್ಯಾರೇಜಿನ ಬಾಗಿಲಿಗೆ ಬಂದ ಕೂಡಲೇ ಸುಮ್ಮನಾಗಿಬಿಡುತ್ತದೆ. ಆಗ ಮಾಲೀಕರೇ ಬಾಯಿಂದ ಆ ಸದ್ದು ಮಾಡಿ ತೋರಿಸಬೇಕು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಹುನಗುಂದದಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ನನ್ನೆದುರು ಎಷ್ಟು ಜನ ದೊಡ್ಡ ಮನುಷ್ಯರು ಆಡಿನ ಮರಿಗಳಂತೆ ಒದರಿದ್ದಾರೋ! ವಕೀಲರೊಬ್ಬರು ಕರೀ ಕೋಟಿನಲ್ಲೇ ನಿಂತು "ಕಿರ್ರ್... ಕಟ್, ಕಿರ್ರ್... ಕಟ್" ಅಂದದ್ದು ಇವತ್ತಿಗೂ ಕಿವಿಯಲ್ಲಿದೆ.

ಆಗಿನ ರಸ್ತೆಯಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಅದಕ್ಕೆಂದೇ ಎಲ್ಲರೂ ಹಿಂದಿನ ಗಾಲಿಗಳ ಮೇಲೆ ಹೆಚ್ಚಿನ ಪಾಟಾ ಹಾಕಿಸುತ್ತಿದ್ದರು. ಪಾಟಾ ಅಂದರೆ ಗಾಡಿಯ ಭಾರ ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿ. ಹಾಕಿಸಿದ ಮೇಲೆ ಗಾಡಿ ಎತ್ತರವಾಗುತ್ತಿತ್ತು, ಮಾಲೀಕರ ಕುತ್ತಿಗೆಯೂ ಎತ್ತರವಾಗುತ್ತಿತ್ತು. ಆಮೇಲೆ ಸಪ್ಪಳ ಶುರುವಾಗುತ್ತಿತ್ತು.

ಡಾಕ್ಟರ ಗಾಡಿ

ವಾರಕ್ಕೊಮ್ಮೆ ಮರೋಳದ ಕಡೆ ಹೋಗುತ್ತಿದ್ದ ಡಾಕ್ಟರೊಬ್ಬರು ಪಾಟಾ ಹಾಕಿಸಿಕೊಂಡು ಹೋದವರು ಕೆಲವೇ ದಿನಕ್ಕೆ ತಿರುಗಿ ಬಂದರು.

"ನನ್ನ ಕಾರು ಕಿಂಯ್ ಅಂದಕೂಡ್ಲೆ ಊರಾಗಿನ ಹುಡುಗರೆಲ್ಲಾ ಜ್ವಾಳದ ಹೊಲ ಸೇರತಾವು. ಸೂಜಿ ಯಾರಿಗೆ ಹಾಕ್ಲಿ? ಗಾಲಿಗೆ ಹಾಕ್ಲೇನು?"

ಪಾಟಾ ಬಿಚ್ಚಿ, ಉಜ್ಜಿ, ನಡುನಡುವೆ ಗ್ರೀಸ್ ಹಚ್ಚಿ ಕೂಡಿಸಿಕೊಟ್ಟೆ. ಕಾರು ಬೆಕ್ಕಿನ ಹಾಗೆ ಹೋಯಿತು. ಆ ವಾರ ಎಲ್ಲ ಹುಡುಗರಿಗೂ ಸೂಜಿ ಬಿತ್ತಂತೆ.

ಮುಂದೆ ಒಂದು ದಿನ ಮರೋಳದಿಂದ ರುಮಾಲಿನ ಅಜ್ಜನೊಬ್ಬ ಬಸ್ಸಿಳಿದು ನೇರ ನನ್ನ ಹತ್ತಿರ ಬಂದ.

"ಡಾಕ್ಟರ ಗಾಡಿ ಸಪ್ಪಳ ತಗದಾಂವ ನೀನ ಏನೋ ತಮ್ಮಾ?"

"ಹೌದ್ರಿ ಅಜ್ಜಾರ" ಅಂದೆ, ಶಾಭಾಸ್‌ಗಿರಿ ಸಿಗುತ್ತದೆಂದು.

"ನನಗ ಬೀಡಿ ಬಿಡು ಅಂದಾರವರು. ಮೊದಲ ಸಪ್ಪಳ ಕೇಳಿ ಒಗದುಬಿಡ್ತಿದ್ದೆ. ಮೊನ್ನಿ ತಿರುಗಿ ನೋಡಿದ್ರ ಹಿಂದ ನಿಂತಾರ, ಬೀಡಿ ಬಾಯಾಗ ಐತಿ! ನಮ್ಮಾಕಿ ಮುಂದ ಹೇಳಿ ಹೋದ್ರು. ಅವತ್ತಿಂದ ಆಕಿ ಚಹಾ ಬಂದ್ ಮಾಡ್ಯಾಳ. ಹೆಂಗರ ಮಾಡಿ ಆ ಸಪ್ಪಳ ತಿರುಗಿ ಹಾಕಪ್ಪ!"

ಟಕ್ ಟಕ್

ಗುಳೇದಗುಡ್ಡದ, ಕುಪ್ಪಸದ ಖಣ ಮಾರುವ ವ್ಯಾಪಾರಿಯೊಬ್ಬರು, "ಹಿಂದ ಟಕ್ ಟಕ್ ಅಂತೈತಿ, ತಲಿ ಚಿಟ್ಟ ಹಿಡದೈತಿ" ಎಂದು ಹೇಳಿ ಕಳಿಸಿದರು. ನಾನೇ ಹೋದೆ. ಅವರ ಕಾರಿನಲ್ಲಿ ಅವರನ್ನು ಕೂಡಿಸಿಕೊಂಡು ಓಣಿ ಓಣಿ ತಿರುಗಿದೆ. ಏನೂ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಆ ಊರಲ್ಲಿ ಮನೆಮನೆಯಲ್ಲಿ ಮಗ್ಗ, ಎಲ್ಲವೂ ಟಕ್ ಟಕ್.

"ನಿನ್ನಿ ಬಾದಾಮಿಗೆ ಹೋದಾಗ ಭಾಳ ಇತ್ರಿ" ಅಂದರು. ಬಾದಾಮಿ ದಾರಿ ಹಿಡಿದೆವು. ಊರು ಹಿಂದೆ ಬಿದ್ದು ಮಗ್ಗದ ಸದ್ದು ಕರಗಿದ ಕೂಡಲೇ ಕಾರಿನ ಟಕ್ ಟಕ್ ಎದ್ದು ಬಂತು. ತಿರುಗಿ ಊರೊಳಗೆ ಬಂದೆವು, ಮಾಯ.

"ಸಾಹುಕಾರ್ರ, ಪಾಟಾದ ತುದಿಗಿನ ರಬ್ಬರ್ ಬುಷ್ ಸವದೈತಿ. ಗ್ಯಾರೇಜಿಗೆ ತರ್ರಿ, ಬದಲಿ ಮಾಡೋಣು."

ಅವರು ವಿಚಾರ ಮಾಡಿದರು. "ನಮ್ಮ ಊರಾಗಂತೂ ಸಪ್ಪಳ ಇಲ್ಲ, ಖರೆ?"

"ಖರೆರಿ."

"ಹಂಗಾರ ಬಿಡ್ರಿ. ಇದು ಬಾದಾಮಿಯವ್ರು ನೋಡ್ಕೋಬೇಕಾದ್ದು."

ಅಡಿಗಿಮನಿಯಿಂದ

ನಮ್ಮ ಮನೆ ಗ್ಯಾರೇಜಿನ ಹಿಂದೆಯೇ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ, ಹೊರಗೆ ನೋಡದೆ, "ವಕೀಲರು ಬಂದ್ರು ನೋಡ್ರಿ, ಇವತ್ತ ಎಡಗಡಿ ಗಾಲಿ" ಅನ್ನುವಳು. ತಪ್ಪುತ್ತಿರಲಿಲ್ಲ. ಆ ದಿನಗಳಲ್ಲಿ ಒಂದೊಂದು ಗಾಡಿಗೂ ಒಂದೊಂದು ದನಿ ಇತ್ತು, ಮನುಷ್ಯರಿಗೆ ಇದ್ದ ಹಾಗೆ. ಒಂದು ದಿನ ಹೊಚ್ಚ ಹೊಸ ಕಾರೊಂದು ಗಾಳಿ ಹಾಕಿಸಲು ಬಂದು ನಿಂತಿತು. ಕಿಟಕಿಯಲ್ಲಿ ಕಂಡದ್ದೇ ಆಕೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಅಯ್ಯ, ಏನಾಗೇತ್ರಿ ಇದಕ್ಕ ಪಾಪ? ದನೀನ ಬಿದ್ದೈತಲ್ಲ!"

ಕನ್ಯಾ ನೋಡಲು

ಇಳಕಲ್ಲಿನ ಸೀರೆ ವ್ಯಾಪಾರದ ಮನೆತನದವರು ಮಗನಿಗೆ ಕನ್ಯಾ ನೋಡಲು ಬಾಗಲಕೋಟೆಗೆ ಹೊರಟಿದ್ದರು. ಹಿಂದೆ ಎರಡು ಸಂಬಂಧ ತಪ್ಪಿದ್ದರಿಂದ ಮನೆಮಂದಿಗೆಲ್ಲ ಅಳುಕು. ಸಾಲದ್ದಕ್ಕೆ ಕಾರಿಗೆ ಆಗಷ್ಟೇ ಬೇರೆಲ್ಲೋ ಹೊಸ ಪಾಟಾ ಹಾಕಿಸಿದ್ದರು. ದಾರಿಯಲ್ಲಿ ಏನಾದರೂ ಆದೀತೆಂದು ಹುನಗುಂದದಲ್ಲಿ ನನ್ನನ್ನೂ ಹತ್ತಿಸಿಕೊಂಡರು. ಗಾಡಿ ಓಡಿಸುವವರು ವರನ ಅಪ್ಪ. ಹಿಂದೆ ವರ, ಅವನ ತಾಯಿ, ಮತ್ತು ಮೈ ತುಂಬಿಕೊಂಡಿದ್ದ ಸೋದರತ್ತೆ.

ಊರು ದಾಟುವಷ್ಟರಲ್ಲಿ ಹಿಂದಿನಿಂದ "ಕುಂಯ್ಞ್" ಶುರು. ಇಳಿದು ನೋಡಿದೆ, ಏನೂ ತಿಳಿಯಲಿಲ್ಲ. ಮತ್ತೆ ಕುಂಯ್ಞ್, ಮತ್ತೆ ಇಳಿದೆ. ಸದ್ದು ಅತ್ತೆ ಕೂತ ಕಡೆಯಿಂದಲೇ ಬರುತ್ತಿತ್ತು. ಎಲ್ಲರಿಗೂ ಹೊಳೆಯಿತು. ಕೊನೆಗೆ ನಾನೇ, "ಅಕ್ಕಾರ, ಸ್ವಲ್ಪ ಆ ಕಡೆ ಕೂಡ್ರಿ" ಅಂದೆ. ಕೂತರು. ಸದ್ದೂ ಅವರ ಹಿಂದೆಯೇ ಆ ಕಡೆ ಹೋಯಿತು.

ಅಮೀನಗಡದಲ್ಲಿ ಕರದಂಟು ಕೊಳ್ಳಲು ನಿಂತಾಗ ವರನ ಅಪ್ಪ ಮೆಲ್ಲಗೆ, "ತಂಗಿ, ನೀ ನಡುವ ಕುಂತ್ರ ಹೆಂಗ?" ಅಂದರು.

"ಅಂದ್ರ ನಾ ಕುಂತಿದ್ದಕ್ಕ ಗಾಡಿ ಅಳಾಕತ್ತೈತಿ ಅಂತೀರೇನು?" ಅತ್ತೆ ಕರದಂಟಿನ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, ಹಿಂದಿನಿಂದ ಬಂದ ಬಾಗಲಕೋಟೆ ಬಸ್ಸಿಗೆ ಕೈ ಮಾಡಿ ಹತ್ತೇಬಿಟ್ಟರು.

ಕಾರು ಹಗುರಾಯಿತು. ಹೊರಟೆವು. "ಕುಂಯ್ಞ್!" ಮೊದಲಿಗಿಂತ ಜೋರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೆಲವು ಮೈಲಿಗಳಾಚೆ ಪಾಟಾದ ಬೋಲ್ಟೇ ಸಡಿಲಾಗಿ ಗಾಡಿ ಕೂತುಬಿಟ್ಟಿತು. ಅಂಗಿಯೆಲ್ಲ ಎಣ್ಣೆ ಮಾಡಿಕೊಂಡು ಬಿಗಿದದ್ದಾಯಿತು, ವರನೂ ಕೈ ಹಚ್ಚಿದ. ಕುಂಯ್ಞ್ ಮಾತ್ರ ನಿಲ್ಲಲಿಲ್ಲ. ಕನ್ಯೆಯ ಮನೆ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಇನ್ನೇನು ಈ ಸಂಬಂಧವೂ ಹೋಯಿತೆಂದು ವರನ ತಾಯಿ ಕಣ್ಣೊರೆಸಿಕೊಂಡರು.

ಓಣಿಯ ತುದಿಯಲ್ಲೇ ನಮಗೆ ಅತ್ತೆಯ ದನಿ ಕೇಳಿತು: "ಅಕಾ ನೋಡ್ರಿ, ನಮ್ಮವ್ರು ಬಂದ್ರು. ಸಪ್ಪಳ ಕೇಳವಲ್ದೇನು?"

ಪಡಸಾಲೆಯಲ್ಲಿ ಅತ್ತೆ ಲೋಡಿಗೆ ಒರಗಿ ಕೂತಿದ್ದರು. ಎದುರಿಗೆ ಖಾಲಿ ಚಹಾ ಕಪ್ಪು, ಪಕ್ಕದಲ್ಲಿ ತೆರೆದ ಕರದಂಟಿನ ಡಬ್ಬಿ. "ಬರ್ರಿ, ಬರ್ರಿ. ಕನ್ಯಾ ಪಸಂದ ಆತು. ಮಾತುಕತಿನೂ ಮುಗೀತು."

ವರ ಎಣ್ಣೆ ಮುಖದಲ್ಲೇ ಕಂಗಾಲಾದ. "ಅತ್ತಿ, ನಾ ಇನ್ನೂ ನೋಡೇ ಇಲ್ಲಲ್ಲ!"

"ನೀ ನಿನ್ನ ಗಾಡಿ ನೋಡ್ಕೋ. ನಾ ಹುಡುಗೀನ ನೋಡೇನಿ."

ಹುಡುಗಿಯ ಅಪ್ಪ ನಗು ತಡೆದುಕೊಂಡು ಮಗಳನ್ನು ಕರೆದರು. "ನೀನರ ಹೇಳವಾ, ಹುಡುಗ ಅಡ್ಡಿಯಿಲ್ಲೇನು?"

ಬಾಗಿಲ ಮರೆಯಿಂದ ಆಕೆ ವರನನ್ನು ನೋಡಿದಳು, ಹೊರಗೆ ನಿಂತ ಕಾರನ್ನೂ ನೋಡಿದಳು.

"ಹುಡುಗ ಅಡ್ಡಿಯಿಲ್ಲಪ್ಪ. ಆದ್ರ ಗಂಡನ ಮನಿಗೆ ನಾ ಈ ಅತ್ತಿಯವ್ರ ಜೋಡಿ ಬಸ್ಸಿನ್ಯಾಗ ಹೋಗ್ತೇನಿ!"