ನನ್ನನ್ನು ಕೋಣ ಎನ್ನಬೇಡಿ!

ಇನ್ನು ಮುಂದೆ ಈ ಮನೆಯಲ್ಲಿ ನನ್ನನ್ನು ಯಾರೂ 'ಕೋಣ' ಎನ್ನಕೂಡದು! ಬಡ್ತಿ ಸಿಕ್ಕಿ ಮೇಲಧಿಕಾರಿಯಾದ ದಿನವೇ ನಾನು ಹೊರಡಿಸಿದ ರಾಜಾಜ್ಞೆ ಇದು. 'ಯಾರೂ' ಎಂದರೆ ಹೆಂಡತಿ. ಮನೆಯಲ್ಲಿ ಇರುವುದು ನಾವಿಬ್ಬರೇ. ಅವತ್ತು ಬೆಳಿಗ್ಗೆ ಅವಳು ಬಾಲ್ಕನಿಯಿಂದ "ಏ ಕೋಣ, ಛತ್ರಿ ಬಿಟ್ಟು ಹೋದ್ಯಲ್ಲೋ!" ಎಂದು ಕೂಗಿದಾಗ ಕೆಳಗೆ ನಮ್ಮ ಕಚೇರಿಯ ಜವಾನ ನಿಂತಿದ್ದ.

"ಕೋಣ ಅಂದ್ರೆ ಅರ್ಥ ಗೊತ್ತಾ? ಎಮ್ಮೆಯ ಗಂಡ!" ಎಂದೆ.

"ಹಾಗಾದ್ರೆ ಜಾಸ್ತಿ ಅವಮಾನ ಆಗಿದ್ದು ನಂಗೆ! ಅರ್ಥ ನೋಡ್ಕೊಂಡು ಯಾರಾದ್ರೂ ಗಂಡನ್ನ ಕರೀತಾರಾ?" ಎಂದು ನಕ್ಕಳು. ನಾನು ನಗಲಿಲ್ಲ. "ಸರಿ, ಇನ್ಮೇಲೆ ಅನ್ನಲ್ಲ" ಎಂದಳು.

ಅಷ್ಟು ಸುಲಭವಾಗಿ ಒಪ್ಪಿದಳೇ? ಅಲ್ಲೇ ತಲೆಯಲ್ಲಿ ಅನುಮಾನದ ಹುಳ ಹೊಕ್ಕಿತು. ಮರುದಿನದಿಂದ "ತಾವು ಊಟಕ್ಕೆ ಬರ್ತೀರಾ?", "ತಮ್ಮ ಛತ್ರಿ ತಗೊಳ್ಳಿ." ಮರ್ಯಾದೆಯೋ ಮರ್ಯಾದೆ! ಅತಿವಿನಯಂ ಧೂರ್ತಲಕ್ಷಣಂ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಮರ್ಯಾದೆ ಹೆಚ್ಚಿದಷ್ಟೂ ನನ್ನ ನಿದ್ದೆ ಕೆಟ್ಟಿತು.

ಒಂದು ಸಂಜೆ ಬೇಕೆಂದೇ ಬೇಗ ಮನೆಗೆ ಬಂದೆ. ಅವಳು ಬಟ್ಟೆ ಹೊಲಿಯುವ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಅವಳ ದನಿ: "ಯಾಕೋ ಕೋಣ, ಮುನಿಸ್ಕೊಂಡ್ಯಾ? ತಾಳು, ಎಣ್ಣೆ ಹಚ್ತೀನಿ."

ನನ್ನ ಬಿರುದು ಇನ್ನೊಬ್ಬನಿಗೆ! ಅದರ ಮೇಲೆ ಎಣ್ಣೆ ಬೇರೆ! ನನ್ನ ತಲೆಗೆ ಅವಳು ಎಣ್ಣೆ ಮುಟ್ಟಿಸಿ ಯಾವ ಕಾಲವಾಯಿತೋ. ನಿಜ ಹೇಳುತ್ತೇನೆ, ಅವಳ ಬಾಯಲ್ಲಿ ನನಗಿದ್ದ ಜಾಗ ಕೈತಪ್ಪಿ ಹೋಯಿತೆಂದು ಅಳುವೇ ಬಂತು.

"ಹಾಂ, ಹಾಗೆ ನಡಿ ನನ್ ರಾಜ!"

ರಾಜ ಬೇರೆ! ಛತ್ರಿ ಎತ್ತಿ ಹಿಡಿದು ಬಾಗಿಲಿಗೆ ಭುಜ ಕೊಟ್ಟೆ. ಅದಕ್ಕೆ ಚಿಲಕವನ್ನೇ ಹಾಕಿರಲಿಲ್ಲ! ನುಗ್ಗಿದ ರಭಸಕ್ಕೆ ಬಟ್ಟೆಯ ರಾಶಿಯ ಮೇಲೆ ಮುಗ್ಗರಿಸಿದೆ. ಯಾರದೋ ಅರ್ಧ ಹೊಲಿದ ಲಂಗ ನನ್ನ ತಲೆಗೆ ಸಿಕ್ಕಿಕೊಂಡಿತು.

"ಎಲ್ಲಿ ಅವನು?"

"ಯಾರು?"

"ಆ ಕೋಣ!"

ಅವಳು ಎಣ್ಣೆ ಡಬ್ಬಿ ಹಿಡಿದ ಕೈಯಿಂದಲೇ ಹೊಲಿಗೆ ಮೆಷಿನ್ ತೋರಿಸಿದಳು. "ತಾವೇ ಬೇಡ ಅಂದ್ರಲ್ಲ. ನನ್ನ ನಾಲಿಗೆ ಕೇಳ್ಬೇಕಲ್ಲ? ದಿನಕ್ಕೆ ನಾಲ್ಕು ಸಲ ಯಾರಿಗಾದ್ರೂ ಅನ್ಲೇಬೇಕು."

ಲಂಗ ತೆಗೆಯದೆಯೇ ಕೈಮುಗಿದೆ. "ತಪ್ಪಾಯ್ತು ಕಣೇ. ನನ್ನನ್ನೇ ಕೋಣ ಅನ್ನು."

ಅವಳು ಮೆಷಿನ್ನಿನ ಬೆನ್ನು ಸವರುತ್ತಾ ಯೋಚಿಸಿದಳು. "ಇದಕ್ಕೆ ಆಗಲೇ ಅಭ್ಯಾಸ ಆಗ್ಬಿಟ್ಟಿದೆ. ಕೋಣನ ಜಾಗ ಖಾಲಿ ಇಲ್ಲ. ಕತ್ತೆ ಖಾಲಿ ಇದೆ, ನಿಂಗೆ ಆಗತ್ತಾ?"

"ಆಗತ್ತೆ. ಯಾವತ್ತಿಂದ ಸೇರ್ಕೊಳ್ಲಿ?"