ಮಾವನವರ ಅಂಗಿ ಬಿಚ್ಚಿ ಕಲಿತ ವಿದ್ಯೆ

ನಾನೇ ಕಲಿತು ನಾನೇ ಮಾಡುತ್ತೇನೆ ಎಂದು ಹೊರಟಾಗಲೆಲ್ಲ ಮನೆಯವರಿಗೆ ತಿಂಗಳುಗಟ್ಟಲೆ ನಗಲಿಕ್ಕೆ ಸಾಕಾಗುವಷ್ಟು ಏನಾದರೂ ನಡೆದೇ ನಡೆಯುತ್ತದೆ. ಮೊನ್ನೆ ಕುಕ್ಕರಿನ ಹಿಡಿಕೆಯನ್ನು ಬಿಚ್ಚಿ ಕೂಡಿಸಿದೆ. ಈಗ ಅದನ್ನು ಎಡಚರು ಮಾತ್ರ ಎತ್ತಬಹುದು. ನನಗೇನೂ ಬೇಸರವಿಲ್ಲ. ಈ ಚಟ ಹತ್ತಿದ್ದು ಎಪ್ಪತ್ತರ ದಶಕದ ಕೊನೆಗೆ, ಬೆಟಗೇರಿಯ ನಮ್ಮ ಮನೆಗೆ ಹೊಲಿಗೆ ಮಷಿನ್ ಬಂದಾಗ.

೧. ಹುಟ್ಟುತ್ತಲೇ ಬರಬೇಕಂತೆ

ಮಷಿನ್ ನಮ್ಮದಲ್ಲ. ಲಕ್ಷ್ಮೇಶ್ವರದಲ್ಲಿದ್ದ ನನ್ನ ಗಂಡನ ಸೋದರತ್ತೆ ಅದನ್ನು ಬಸ್ಸಿನ ಮೇಲೆ ಹೇರಿಸಿ ಕಳಿಸಿದ್ದರು. ಕರಾರು ಒಂದೇ: ದೀಪಾವಳಿ ಪಾಡ್ಯದೊಳಗೆ ನಾನು ಒಂದು ಅಂಗಿ ಹೊಲಿದು ತೋರಿಸಬೇಕು. ಇಲ್ಲದಿದ್ದರೆ ಮಷಿನ್ ಶಿರಹಟ್ಟಿಯಲ್ಲಿರುವ ಅವರ ಮಗಳ ಮನೆಗೆ. ನಮ್ಮ ಅತ್ತೆಯವರು ಅದನ್ನು ಕಟ್ಟಿ ತಂದ ಹಗ್ಗವನ್ನು ಬಿಸಾಡದೆ ಮೊಳೆಗೆ ತೂಗುಹಾಕಿದರು.

ಮದುವೆಯಾಗಿ ಮೂರು ವರ್ಷ ರೊಟ್ಟಿ ಬಡಿದದ್ದು ಬಿಟ್ಟರೆ ನನ್ನದು ಅನ್ನುವ ಕೆಲಸ ಒಂದೂ ಇರಲಿಲ್ಲ. ಏನಾದರೂ ಆಗಲಿ, ಮಷಿನ್ ಬಿಡುವುದಿಲ್ಲ ಎಂದು ಹಟ ಹಿಡಿದೆ. ನಮ್ಮ ಗಲ್ಲಿಯ ಟೇಲರ್ ಮಾಸ್ತರರ ಬಳಿ ಹೋಗಿ ಕಲಿಸಿಕೊಡಿ ಎಂದೆ.

“ಗುಂಡಿ ಹಚ್ಚೂದು ಕಲಸ್ತೀನಿ ತಂಗಿ,” ಅಂದರು. “ಕಟಿಂಗ್ ಅನ್ನೂದು ಕಲಿಸಿದ್ರ ಬರೂದಲ್ಲ. ಹುಟ್ಟಿದಾಗನ ಬರಬೇಕು.”

“ಹೌದೇನ್ರಿ? ಹಂಗಾರ ನೀವು ಕತ್ರಿ ಹಿಡಕೊಂಡ ಹುಟ್ಟಿದ್ರಿ ಅನ್ರಿ. ನಿಮ್ಮ ಸೂಲಗಿತ್ತಿ ಭಾಳ ಧೈರ್ಯದಾಕಿ ಇರಬೇಕು.”

೨. ಬಸ್ಸಿನಲ್ಲಿ ಸೀನು

ಬಟ್ಟೆ ಹಾಳು ಮಾಡಿ ಕಲಿಯುವ ಸ್ಥಿತಿ ನಮ್ಮದಾಗಿರಲಿಲ್ಲ. ಸೂಜಿಗೆ ದಾರ ಹಾಕದೆ, ಹಳೆಯ ಪೇಪರಿನ ಸಾಲುಗಳ ಮೇಲೆ ಮಷಿನ್ ಓಡಿಸಿದೆ. ಹದಿನೈದು ದಿನಕ್ಕೆ ಗೆರೆ ನೆಟ್ಟಗಾಯಿತು.

ಆ ಪೇಪರಿನಲ್ಲೇ ಅತ್ತೆಯವರು ಖಾರದ ಪುಡಿ ಕಟ್ಟಿಕೊಂಡು ಮುಂಡರಗಿಯ ಮಗಳ ಮನೆಗೆ ಹೊರಟರು. ಜೊತೆಗೆ ನಾನೂ ಇದ್ದೆ. ಬಸ್ಸು ಕುಲುಕಿದಂತೆಲ್ಲ ತೂತುಗಳಿಂದ ಪುಡಿ ಉದುರಿತು. ಕಿಟಕಿಯ ಗಾಳಿ ಅದನ್ನು ಹಿಂದಿನ ಸೀಟಿನವರೆಗೂ ಹಂಚಿತು. ಹತ್ತು ನಿಮಿಷದಲ್ಲಿ ಬಸ್ಸಿನಲ್ಲಿ ಸೀನದವರು ಯಾರೂ ಉಳಿಯಲಿಲ್ಲ. ಕಂಡಕ್ಟರ್ ಕಣ್ಣೊರೆಸಿಕೊಳ್ಳುತ್ತ ನಮ್ಮ ಸೀಟಿನ ಹತ್ತಿರ ಬಂದು ನಿಂತ.

“ಯಾರ ಮನಿ ಒಗ್ಗರಣೀರಿ ಇದು? ಅದಕ್ಕೂ ಒಂದು ಟಿಕೀಟ ತೊಗೋರಿ.”

೩. ಎಂಟು ಕಡೆ ಅಂಗಿ

ಗೆರೆ ಬಂತು, ಕಟಿಂಗ್ ಬರಲಿಲ್ಲ. ಹೊಲಿದ ಅಂಗಿಯೊಂದನ್ನು ಬಿಚ್ಚಿ ನೋಡಿದರೆ ಗುಟ್ಟು ತಿಳಿಯುತ್ತದೆ ಅನ್ನಿಸಿತು. ಮಾವನವರು ಗದಗಿನ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲರು. ಅವರಿಗೆ ಇದ್ದದ್ದು ಎರಡು ಅಂಗಿ, ಎರಡನ್ನೂ ಅದೇ ಮಾಸ್ತರರು ಅಳತೆ ತೆಗೆದು ಹೊಲಿದದ್ದು. ಹರಿದದ್ದನ್ನು ಬಿಚ್ಚಬೇಕೆಂದು ಹೋಗಿ ಒಳ್ಳೆಯದನ್ನು ಬಿಚ್ಚಿಬಿಟ್ಟೆ. ಒಂದೊಂದು ತುಂಡನ್ನೂ ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದಾಗ ಮಾವನವರು ಸ್ನಾನ ಮುಗಿಸಿ ಬಂದರು.

“ನನ್ನ ಅಂಗಿ ಎಲ್ಲೈತಿ?”

“ಇಲ್ಲೇ ಐತ್ರಿ ಮಾವಾರ, ಎಂಟು ಕಡೆ.”

ಅವರು ಬೈಯಲಿಲ್ಲ. ಕೆಲಸಕ್ಕೆ ಹರಿದದ್ದನ್ನೇ ತೊಟ್ಟು ಹೋದರು. ಸಂಜೆಯೊಳಗೆ ಒಳ್ಳೆಯದನ್ನು ತಿರುಗಿ ಜೋಡಿಸಿಟ್ಟೆ, ಮೊದಲಿನಂತೆಯೇ ಕೂತಿತು. ಇನ್ನು ನನಗೆ ಯಾವ ಮಾಸ್ತರರೂ ಬೇಡ ಎಂದು ಅವತ್ತು ಬೀಗಿದೆ.

೪. ಪಾಡ್ಯದ ಮೆರವಣಿಗೆ

ಆ ಕಾಗದಗಳನ್ನಿಟ್ಟು, ಉದ್ದಗಲ ಮಾತ್ರ ಬದಲಿಸಿ, ಗಂಡನಿಗೆ ಮೂರು ಅಂಗಿ ಹೊಲಿದೆ. ಮೂರೂ ಒಂದೇ ರೀತಿ: ಬಲಗಡೆ ಮೇಲಕ್ಕೆ ಎಳೆಯುತ್ತಿತ್ತು, ಕಾಲರು ಕಿವಿಗೆ ತಾಗುತ್ತಿತ್ತು. ಪಾಪ, ಅವರು ನನ್ನ ಮರ್ಯಾದೆ ಉಳಿಸಬೇಕೆಂದು ಪಾಡ್ಯದ ದಿನ ಅವುಗಳಲ್ಲೇ ಒಂದನ್ನು ತೊಟ್ಟು, ಅಂಗಿ ಸರಿ ಕೂರಲೆಂದು ಬಲಕ್ಕೆ ವಾಲಿಕೊಂಡು ಗಲ್ಲಿಯಲ್ಲೆಲ್ಲ ತಿರುಗಿದರು. ಹೋದಲ್ಲೆಲ್ಲ “ಕುತಗಿ ಉಳುಕೈತೇನ್ರಿ?” ಎಂದು ಕೇಳುವವರೇ. ಒಬ್ಬರಂತೂ ಎಣ್ಣೆಯನ್ನೇ ಕೊಟ್ಟು ಕಳಿಸಿದರು.

ಅತ್ತೆಯವರು ಎದ್ದು ಮೊಳೆಯಿಂದ ಹಗ್ಗ ಇಳಿಸಿದರು. “ಮಷಿನ್ ಹೋಗಲಿ. ಮಗ ನೆಟ್ಟಗ ಉಳದರ ಸಾಕು.”

೫. ಎತ್ತಲಿಕ್ಕೆ ಬಂದವರು

ಅಂದು ಮಧ್ಯಾಹ್ನ ಮಾವನವರು ಬರಿ ಮೈಯಲ್ಲಿ ಊಟಕ್ಕೆ ಕೂತಿದ್ದರು. ಹಿಂದೆ ನಿಂತು ಬಡಿಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಮೂವತ್ತು ವರ್ಷ ಚೀಲ ಹೊತ್ತ ಭುಜ. ಮಾಸ್ತರರು ಅದಕ್ಕೆ ಸರಿಯಾಗಿ ಕತ್ತರಿಸಿದ್ದರು, ನಾನು ಅದನ್ನೇ ಗೆರೆ ತಪ್ಪದಂತೆ ಇಳಿಸಿಕೊಂಡಿದ್ದೆ. ಮೂರು ವರ್ಷ ದಿನಾ ಬಡಿಸಿದರೂ ಆ ಭುಜ ನನಗೆ ಕಂಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಕಣ್ಣಲ್ಲಿ ನೀರೂ ಬಂತು. ಹಾಗೆಯೇ ನನ್ನ ಹೊಲಿಗೆಯಲ್ಲಿ ತಪ್ಪಿರಲಿಲ್ಲ ಎಂದು ಸಂತೋಷವೂ ಆಯಿತು.

ವಿಷಯ ತಿಳಿಸಿದೆ. ಮಾವನವರು ಮರುದಿನ ಆ ಮೂರರಲ್ಲಿ ಎರಡು ಅಂಗಿ ಬಗಲಲ್ಲಿ ಇಟ್ಟುಕೊಂಡು ಮಾರ್ಕೆಟ್ಟಿಗೆ ಹೋದರು. ಅಲ್ಲಿಯ ಹಮಾಲರೆಲ್ಲ ಇಳಿದ ಭುಜಕ್ಕೆ ಸಂತೆಯ ರೆಡಿಮೇಡ್ ಅಂಗಿ ತೊಡುವವರು.

ಅದರ ಮರುದಿನ ಬೆಳಿಗ್ಗೆ ಲಕ್ಷ್ಮೇಶ್ವರದ ಸೋದರತ್ತೆಯ ಮಗ ಮಷಿನ್ ಒಯ್ಯಲು ಬಂದರು. ನಮ್ಮ ಬಾಗಿಲಲ್ಲಿ ಆರು ಮಂದಿ ಹಮಾಲರು ನಿಂತಿದ್ದರು. ಅವರನ್ನೆಲ್ಲ ನೋಡಿ ಸೋದರತ್ತೆಯ ಮಗನಿಗೆ ಸಂಕೋಚವಾಯಿತು.

“ಒಂದು ಮಷಿನ್ ಎತ್ತಾಕ ಇಷ್ಟ ಮಂದಿನ್ನ ಯಾಕ ಕರಸಿದ್ರಿ?”

ಅವರಲ್ಲಿ ಹಿರಿಯ ಹಮಾಲ ಮುಂದೆ ಬಂದ. ಮೈಮೇಲೆ ನಾನು ಹೊಲಿದ ಅಂಗಿ, ಮೈಗೆ ಹೇಳಿ ಮಾಡಿಸಿದಂತೆ ಕೂತಿತ್ತು.

“ಎತ್ತಾಕ ಬಂದಿಲ್ರಿ. ಎತ್ತಾಕ ಬಿಡಬಾರದಂತ ಬಂದೇವಿ. ಈ ಐದೂ ಮಂದಿ ಅಳತಿ ಕೊಡೂದೈತಿ.”

ಕೊನೆಯವನು ಹಿಂದಿನಿಂದ ಕೂಗಿದ: “ಅಕ್ಕಾರ, ನಾ ಎಡಗಡೆ ಹೊರಾಂವ. ನಂದು ತಿರುವಿ ಕತ್ತರಸ್ರಿ.”

ಮಷಿನ್ ನಮ್ಮ ಮನೆಯಲ್ಲೇ ಉಳಿಯಿತು. ಅದನ್ನು ಒಯ್ಯಲು ಬಂದವರು ಚಹಾ ಕುಡಿದು, ತಮ್ಮದೂ ಒಂದು ಅಳತೆ ಕೊಟ್ಟು ಹೋದರು. ಅತ್ತೆಯವರು ಆ ಹಗ್ಗವನ್ನೇ ಅಂಗಳದಲ್ಲಿ ಅಡ್ಡ ಕಟ್ಟಿ, ಹೊಲಿದ ಅಂಗಿಗಳನ್ನು ಸಾಲಾಗಿ ತೂಗುಹಾಕತೊಡಗಿದರು. ಆಗ ನನ್ನ ಗಂಡ ಉಳಿದ ಆ ಮೂರನೆಯ ಅಂಗಿ ತೊಟ್ಟು, ಬಲಕ್ಕೆ ವಾಲಿಕೊಂಡೇ ಹೊರಬಂದು ಕೇಳಿದರು: “ಎಲ್ಲಾರ್ದೂ ಆತು. ನಂದು ಯಾವಾಗ ಸರಿ ಆಗೂದು?”

ಉತ್ತರ ಕೊಟ್ಟವರು ಅತ್ತೆ.

“ಆಕಿ ಹೊಲಿಗಿ ಸರಿ ಐತಿ. ನೀ ನಾಕ ವರ್ಷ ಚೀಲಾ ಹೊರು.”